ಏಳುವ ದಿನ ಏಳದವನು

ಬೆಟಗೇರಿ, ಗಾಳಿಪೇಟೆ
ಫೆಬ್ರುವರಿ ಮೂವತ್ತು, ೨೧೮೪

ನಮಗಿಂತ ಹಿಂದಿರುವ ಹಿರಿಯರೇ,

ತಾರೀಖು ನೋಡಿ ಮುದುಕನಿಗೆ ಅರಳುಮರಳು ಎನ್ನಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಆ ಬಡಪಾಯಿ ತಿಂಗಳಿಗೆ ಅನ್ಯಾಯವಾಗಿದೆ ಎಂದು ಅಕ್ಕಪಕ್ಕದ ತಿಂಗಳುಗಳಿಂದ ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆ ಇರಲಿ. ಎಡವುವ ಜಾಗದಲ್ಲಿ ಕೈಹಿಡಿದು ಅರ್ಥ ಹೇಳುತ್ತಾ ಹೋಗುತ್ತೇನೆ. ನಿಮ್ಮನ್ನು ಹಿರಿಯರೇ ಎಂದೆ, ಅದೂ ಪೂರ್ತಿ ನಿಜವಲ್ಲ. ಹುಟ್ಟಿದ್ದು ನೀವು ಮೊದಲು, ಹಲ್ಲು ಉದುರಿದ್ದು ನನ್ನದು ಹೆಚ್ಚು. ಎಂಬತ್ತು ದಾಟಿದ್ದೇನೆ. ಹೆಸರು ಕಳಕಪ್ಪ, ಊರಲ್ಲಿ ಕೀಟಲೆ ಕಳಕಪ್ಪ ಅಂದರೆ ಮನೆ ತೋರಿಸುತ್ತಾರೆ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಗರಡಿಯಲ್ಲಿ ವಸ್ತಾದರಿಗೆ, ಅಂದರೆ ಕಲಿಸುವವರಿಗೆ, ಮೋಸ ಮಾಡಿದವನು ಆ ಗರಡಿಯನ್ನು ಮೊದಲು ಕಟ್ಟಿದವರಿಗೆ ಬರೆದು ತಿಳಿಸಬೇಕು. ಕಟ್ಟಿದವರು ಎಂದೋ ತೀರಿಕೊಂಡಿರುತ್ತಾರೆ, ಅದು ಬೇರೆ ಮಾತು. ನಾಚಿಕೆಗೆ ವಿಳಾಸ ಒಂದು ಬೇಕಲ್ಲ. ಹಾಗಾಗಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಅದರ ಎದುರಿಗೆ ನಿಂತು ತೂಕದ ಬದಲು ನೀರಿನ ಬಾಟಲಿ ಎತ್ತಿ ನಮ್ಮ ಗರಡಿಗೆ ಬುನಾದಿ ಹಾಕಿದ ನಿಮ್ಮ ಕಾಲದ ಹುಡುಗ ಹುಡುಗಿಯರಿಗೂ, ಆ ಕಡೆಯಿಂದ ಅವರಿಗೆ ಕಲಿಸಿದವರಿಗೂ, ಬಾಗಿಲಲ್ಲಿ ನಿಂತು ನೋಡಿದ ಮನೆಯವರಿಗೂ ಇದು ಸೇರಬೇಕು.

ನೀವು ಡೌನ್ ಸಿಂಡ್ರೋಮ್ ಎನ್ನುತ್ತಿದ್ದುದನ್ನು ನಮ್ಮ ಬೆಟಗೇರಿಯ ನೇಕಾರರು ಯಾವಾಗಲೋ ತಮ್ಮ ಮಾತಿಗೆ ಇಳಿಸಿಕೊಂಡರು. ಮೈಯ ಕಣಕಣದಲ್ಲೂ ಒಂದು ಎಳೆ ಹೆಚ್ಚಿಗೆ ಇರುವವರು, ಅಂದರೆ ಹೆಚ್ಚೆಳೆಯವರು. ನನಗೆ ಒಂದು ಎಳೆ ಕಡಿಮೆ ಎಂಬುದು ಊರಿನ ಅಭಿಪ್ರಾಯ. ಆ ಹೆಚ್ಚೆಳೆಯವರು ಕಟ್ಟಿ ಬೆಳೆಸಿದ್ದು ತೆರೆಗರಡಿ. ನಮ್ಮ ಮನೆಗಳಲ್ಲಿ ಒಂದು ಗೋಡೆಯೇ ತೆರೆ, ನಿಮ್ಮ ಮೊಬೈಲಿನಂತೆ ಅದು ನಮ್ಮನ್ನು ನೋಡುತ್ತದೆ, ಬೇರೆಯವರನ್ನು ತೋರಿಸುತ್ತದೆ. ಮುಂಜಾನೆ ಗುಡ್ಡದ ಮೇಲಿನ ಗಾಳಿಚಕ್ರಗಳು ಜೋರಾಗಿ ತಿರುಗಿ ಕರೆಂಟು ಧಾರಾಳವಾಗಿ ಸಿಕ್ಕಿದಾಗ, ಮುಂಡರಗಿಯವರು, ರೋಣದವರು, ಕಡಲಾಚೆ ಇರುವವರು ಎಲ್ಲ ಆ ಗೋಡೆಯಲ್ಲಿ ನಮ್ಮಷ್ಟೇ ಎತ್ತರಕ್ಕೆ ಬಂದು ನಿಲ್ಲುತ್ತಾರೆ. ಮೊದಲು ಉಸಿರು, ಆಮೇಲೆ ಎಳೆದರೆ ಹಿಗ್ಗುವ ರಬ್ಬರಿನ ಪಟ್ಟಿ, ಆಮೇಲೆ ಬಸ್ಕಿ, ಕೊನೆಗೆ ಉಸುಕಿನ ಚೀಲ ಎತ್ತುವುದು. ಕುತ್ತಿಗೆ ತಪಾಸಣೆ ಆಗುವವರೆಗೆ ಯಾರ ಹೆಗಲ ಮೇಲೂ ಚೀಲ ಇಡುವಂತಿಲ್ಲ. ಹುಟ್ಟಿನಿಂದಲೇ ಕೀಲು ಸಡಿಲ, ಮಾಂಸಖಂಡ ಮೆತ್ತಗೆ ಇರುವವರು ಅವಸರವಿಲ್ಲದೆ ಗಟ್ಟಿಯಾಗುವ ಆ ಕ್ರಮವೇ ವಯಸ್ಸಾಗಿ ಸಡಿಲಾದವರಿಗೂ ಒಗ್ಗುತ್ತದೆ ಎಂದು ಗೊತ್ತಾಗಿ, ಈಗ ಮುದುಕ ಮುದುಕಿಯರೂ ಅಲ್ಲಿಗೇ ಸೇರುತ್ತಾರೆ. ಡಾಕ್ಟರು ನನ್ನನ್ನೂ ಸೇರಿಸಿದರು. ನನಗೆ ತೂಕ ಎಂದರೆ ತೂಕಡಿಕೆ ಒಂದೇ ಗೊತ್ತಿತ್ತು. ದಂಡ ಹೊಡೆದರೆ ಹೊತ್ತು ದಂಡ ಎಂಬ ಪಂಥ ನನ್ನದು.

ನಮ್ಮ ವಸ್ತಾದ್ ಕಲ್ಲವ್ವ. ಹೆಚ್ಚೆಳೆಯವಳು, ನಲವತ್ತರ ಆಸುಪಾಸು, ಗಿಡ್ಡ ಗಟ್ಟಿ ಆಳು. ಮಾತು ನಿಧಾನ, ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕುಳಿತು ದಣಿವಾರಿಸಿಕೊಂಡು ಹೋಗುತ್ತಾಳೆ. ನಾನು ಅವಳಿಗೆ ದಿನಾ ನಮಸ್ಕಾರ ಮಾಡುತ್ತಿದ್ದೆ, ವಸ್ತಾದ್ ಎಂದು ಕರೆಯುತ್ತಿದ್ದೆ, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದೆ. ಆದರೆ ಒಳಗೆ ಒಂದು ಕ್ಷಣವೂ ಅವಳು ನನಗೆ ಕಲಿಸುತ್ತಿದ್ದಾಳೆ ಎಂದು ನಂಬಿರಲಿಲ್ಲ. ಪಾಪ, ಆಟ ಆಡಿಸುತ್ತಾಳೆ, ನಾನು ಹೋದರೆ ಖುಷಿ ಪಡುತ್ತಾಳೆ ಎಂದುಕೊಂಡಿದ್ದೆ. ಅದನ್ನು ನನ್ನ ಒಳ್ಳೆಯತನ ಎಂದೂ ತಿಳಿದಿದ್ದೆ.

ಈ ಒಳ್ಳೆಯತನದ ಹೊಟ್ಟೆಯಿಂದಲೇ ಕೀಟಲೆ ಹುಟ್ಟಿತು. ಸೇರಿದ ಹೊಸತರಲ್ಲಿ ಒಂದು ದಿನ ತೊಲೆಗೆ ಹಗ್ಗ ಕಟ್ಟಿ, ಒಂದು ಕೈಯಲ್ಲಿ ಚೀಲ ಅವಚಿ, ಇನ್ನೊಂದರಲ್ಲಿ ಹಗ್ಗವನ್ನು ಗೋಡೆಗೆ ಕಾಣದಂತೆ ಹಿಡಿದುಕೊಂಡು ಚೆಂದವಾಗಿ ಬಸ್ಕಿ ಹೊಡೆದೆ. ಗೋಡೆ ಆ ಚಿತ್ರವನ್ನು ನೆನಪಿಟ್ಟುಕೊಂಡಿತು. ಮರುದಿನದಿಂದ ಅದನ್ನೇ ತಿರುಗಿ ತಿರುಗಿ ತೋರಿಸಲು ಹೇಳಿ, ನಾನು ಗೋಡೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತೆ. ನನ್ನ ಚಿತ್ರ ಬಸ್ಕಿ ಹೊಡೆಯುತ್ತಿತ್ತು, ನಾನು ಮಿರ್ಚಿ ಬಜ್ಜಿ ಹೊಡೆಯುತ್ತಿದ್ದೆ. ಚೀಲಕ್ಕೆ ಇನ್ನಷ್ಟು ಉಸುಕು ತುಂಬು ಅಜ್ಜಾ ಎಂದು ಕಲ್ಲವ್ವ ಹೇಳಿದರೆ, ಬಾಯಿ ಒರೆಸಿಕೊಂಡು ತುಂಬಿದೆ ವಸ್ತಾದ್ ಎನ್ನುತ್ತಿದ್ದೆ. ಚೀಲದ ಒಳಗೆ ಎಷ್ಟಿದೆ ಎಂದು ಹೊರಗಿನಿಂದ ಯಾರಿಗೆ ಕಾಣುತ್ತದೆ. ಅವಳು ಉಳಿದವರಿಗೆ ನನ್ನ ಬೆನ್ನು ನೋಡಿ, ಮೊಣಕಾಲು ನೋಡಿ ಎನ್ನುತ್ತಿದ್ದಳು. ರೋಣದ ಫಕೀರೇಶ ಎಂಬ ಹೆಚ್ಚೆಳೆಯ ಹುಡುಗ ನನ್ನನ್ನು ನೋಡಿಯೇ ತನ್ನ ಬೆನ್ನು ನೆಟ್ಟಗೆ ಮಾಡಿಕೊಂಡ. ನಗು ತಡೆಯಲು ನಾನು ಬಜ್ಜಿ ಕಚ್ಚಿಕೊಳ್ಳುತ್ತಿದ್ದೆ.

ವರ್ಷಕ್ಕೊಮ್ಮೆ ಏಳುವ ದಿನ ಬರುತ್ತದೆ. ಅಂದು ಗೋಡೆಗಳನ್ನೆಲ್ಲ ಆರಿಸಿ, ಎಲ್ಲರೂ ಮೈಸಮೇತ ದೊಡ್ಡ ಅಂಗಳಕ್ಕೆ ಬರುತ್ತಾರೆ. ಪರೀಕ್ಷೆ ವಸ್ತಾದರಿಗೆ, ಆದರೆ ಎದ್ದು ತೋರಿಸಬೇಕಾದವನು ಅವರು ಹೆಸರಿಸಿದ ಒಬ್ಬ ಶಿಷ್ಯ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಚೀಲವನ್ನು ಎದೆಗೆ ಅವಚಿಕೊಂಡು, ಕೈ ಊರದೆ ಎದ್ದು ನಿಲ್ಲಬೇಕು. ಎದ್ದರೆ ಕಲಿಸುವ ಹಕ್ಕಿನ ಗುರುತಾದ ವಸ್ತಾದರ ಸೊಂಟಪಟ್ಟಿ ಉಳಿಯುತ್ತದೆ, ಇಲ್ಲವಾದರೆ ಬಿಚ್ಚಿಡಬೇಕು. ಇಲ್ಲಿ ನಮ್ಮ ಕಾಲದ ಬಗ್ಗೆಯೇ ಒಂದು ನಾಚಿಕೆಯ ಸಂಗತಿ ಹೇಳಬೇಕು. ಇಷ್ಟು ಮುಂದೆ ಬಂದರೂ ಹೆಚ್ಚೆಳೆಯ ವಸ್ತಾದರು ಹೆಚ್ಚೆಳೆಯವರನ್ನೇ ಹೆಸರಿಸಬೇಕು ಎಂಬ ರೂಢಿ ಉಳಿದುಬಿಟ್ಟಿತ್ತು. ಅವರ ಪಟ್ಟಿ ತಮ್ಮವರಿಗೆ ಕಲಿಸುವ ಮಟ್ಟಿಗೆ ಮಾತ್ರ. ನನ್ನಂಥವರು ಹೋಗಿ ಕೂರಬಹುದು, ಅದು ಪಾಠ ಎಂದು ಲೆಕ್ಕಕ್ಕಿಲ್ಲ. ಬೇರೆಯವನೊಬ್ಬನನ್ನು ಎಬ್ಬಿಸಿ, ಎಲ್ಲರಿಗೂ ಕಲಿಸುವ ಪಟ್ಟಿ ತೆಗೆದುಕೊಳ್ಳುತ್ತೇನೆ ಎಂದು ಮೊದಲ ಸಲ ಕೇಳಿದವಳು ಕಲ್ಲವ್ವ. ಅವಳು ಹೇಳಿದ ಹೆಸರು ನನ್ನದು.

ಆಗಲೇ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬಿದ್ದರೆ ಜನ ನಗುತ್ತಾರೆ, ಜನ ನಕ್ಕರೆ ಎಲ್ಲ ತಿಳಿಯಾಗುತ್ತದೆ ಎಂಬ ಧೈರ್ಯದಲ್ಲಿ ಹೋದೆ. ಜೀವಮಾನವೆಲ್ಲ ಹಾಗೇ ದಾಟಿಕೊಂಡು ಬಂದವನು. ಚಾಪೆಯ ಮೇಲೆ ಕುಳಿತೆ. ಚೀಲ ಎದೆಗೆ ಬಂತು. ಏಳು ಎಂದರು. ಮೈ ಏಳುವುದಿರಲಿ, ಅಲುಗಲೂ ಇಲ್ಲ. ಮುಂದಕ್ಕೆ ವಾಲಿದೆ, ಹಿಂದಕ್ಕೆ ಉರುಳಿದೆ. ಮಲಗಿದಲ್ಲಿಂದಲೇ, ನಾನು ಏಳುವವನಲ್ಲ ಬೀಳುವವನು, ಇದು ಬೀಳುವ ದಿನ ಎಂದುಕೊಂಡು ಬಂದೆ ಎಂದು ತಮಾಷೆ ಮಾಡಿದೆ. ಜನ ಹೊಟ್ಟೆ ಹಿಡಿದು ನಕ್ಕರು. ಪರೀಕ್ಷೆ ಮಾಡುವವರಲ್ಲಿ ಒಬ್ಬರು ಕನಿಕರದಿಂದ, ಇಷ್ಟು ಮಾಡಿದ್ದೇ ದೊಡ್ಡದು, ಆಕೆಯ ಮನಸ್ಸು ನೋಯಿಸುವುದು ಬೇಡ, ಪಟ್ಟಿ ಕೊಟ್ಟುಬಿಡೋಣ ಎಂದರು. ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಚಾಪೆಯ ಮೇಲೆ ಬಿದ್ದುಕೊಂಡು ಆ ಚಪ್ಪಾಳೆ ಕೇಳಿದಾಗ ನನಗೆ ನನ್ನದೇ ದನಿ ಕೇಳಿದಂತಾಯಿತು. ನಾನು ದಿನಾ ಮುಂಜಾನೆ ಎಣ್ಣೆಬಾಯಲ್ಲಿ ಹೇಳುತ್ತಿದ್ದ ಹೂಂ ವಸ್ತಾದ್ ಇದೇ ಆಗಿತ್ತು.

ಕಲ್ಲವ್ವ ಚಪ್ಪಾಳೆಯ ಕಡೆ ತಿರುಗಲೂ ಇಲ್ಲ. ಬಂದು ನನ್ನ ಎದುರಿಗೆ ನೆಲದ ಮೇಲೆ ಕುಳಿತಳು. ನನ್ನ ಮೊಣಕಾಲು ಒತ್ತಿ ನೋಡಿದಳು, ತೊಡೆ ಮುಟ್ಟಿ ನೋಡಿದಳು. ಆ ಮೆತ್ತಗಿನ ಮಾಂಸ ಅವಳ ಕೈಗೆ ಅರ್ಥವಾಗಲಿಲ್ಲ.

"ಯಜ್ಜಾ," ಎಂದಳು. ಮಾತಿನ ನಡುವೆ ದಣಿವಾರಿಸಿಕೊಂಡಳು. ಮತ್ತೆ ಹೇಳಿದಳು: "ನಾ ಎಲ್ಲಿ... ತಪ್ಪು ಕಲಿಸೀನಿ?"

ಚೀಲ ಬದಿಗಿಟ್ಟು ಎದ್ದು ಕುಳಿತೆ. ಹಗ್ಗ, ಗೋಡೆ, ಬಜ್ಜಿ ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಮೊದಲು ಬಾಯಿ ಬಿಟ್ಟವನು ಫಕೀರೇಶ.

"ಅಕ್ಕಾ, ಈ ಅಜ್ಜ ಸುಳ್ಳ. ನನ್ನ ಹೆಸರು ಹೇಳು. ನಾ ಏಳ್ತೀನಿ."

ಅವನು ಖಂಡಿತ ಏಳುತ್ತಿದ್ದ. ಆದರೆ ಅವನು ಎದ್ದರೆ ಸಿಗುವುದು ಅದೇ ತಮ್ಮವರ ಮಟ್ಟಿಗಿನ ಪಟ್ಟಿ. ಪರೀಕ್ಷೆಯ ಹಿರಿಯ ದಾವಲಸಾಬರು, ಕಲಿಸಿದ್ದರಲ್ಲಿ ತಪ್ಪಿಲ್ಲ, ಕಲಿತಿಲ್ಲ ಅಷ್ಟೇ, ಬೇರೆ ಯಾರಾದರೂ ಅಜ್ಜನನ್ನೋ ಅಮ್ಮನನ್ನೋ ಹೆಸರಿಸವ್ವ ಎಂದರು. ಕಲ್ಲವ್ವ ನನ್ನ ಎದುರಿನಿಂದ ಎದ್ದು ಅವರ ಕಡೆ ಹೋದಳು. ಆಮೇಲೆ ಯಾರೂ ಹೇಳದೆಯೇ ತನ್ನ ಸೊಂಟಪಟ್ಟಿ ಬಿಚ್ಚಿ, ಮಡಚಿ, ಅವರ ಮುಂದೆ ಇಟ್ಟಳು.

"ಈ ಅಜ್ಜನ್ನ ಎಬ್ಬಿಸಿ ತಗೋತೀನ್ರಿ."

ಇದಾಗಿ ಚಳಿ ಮುಗಿಯುತ್ತಾ ಬಂತು. ಪಟ್ಟಿ ಇನ್ನೂ ಪರೀಕ್ಷೆ ಮಾಡುವವರ ಹತ್ತಿರವೇ ಇದೆ. ಪಟ್ಟಿ ಇಲ್ಲದ ವಸ್ತಾದರ ಹತ್ತಿರ ಹೊಸಬರು ಬರುವುದಿಲ್ಲ. ಹಳಬರಲ್ಲೂ ಕೆಲವರು ಬಿಟ್ಟುಹೋದರು. ನನ್ನ ಗೋಡೆ ಈಗ ನನ್ನನ್ನು ನೆಲಮಟ್ಟದಿಂದ ತೋರಿಸಬೇಕು, ಹಳೆಯ ಚಿತ್ರವಲ್ಲ ಎಂದು ಗೊತ್ತಾಗಲು ಕಿಟಕಿ ತೆರೆದಿಡಬೇಕು, ಹಗ್ಗವಿಲ್ಲ ಎಂದು ತೊಲೆ ಕಾಣಬೇಕು. ನಾನು ನೆಲದಲ್ಲಿ ಒದ್ದಾಡುವಾಗ ಉಳಿದವರೆಲ್ಲ ಚೀಲ ಕೆಳಗಿಟ್ಟು ಕಾಯುತ್ತಾರೆ. ಕಲ್ಲವ್ವ ಬೈಯುವುದಿಲ್ಲ, ಶಭಾಷ್ ಎನ್ನುವುದೂ ಇಲ್ಲ. ಪಾದ ಒಳಗೆ ತಾ ಎನ್ನುತ್ತಾಳೆ, ಉಸಿರು ಹಿಡಿಯಬೇಡ ಎನ್ನುತ್ತಾಳೆ. ಬೈದಿದ್ದರೆ ತಿರುಗಿ ಒಂದು ಮಾತು ಎಸೆಯುತ್ತಿದ್ದೆ. ಮೊನ್ನೆ ಒಂದು ಮೊಣಕಾಲು ಮೇಲೆ ಬಂತು, ಇನ್ನೊಂದು ಬರಲಿಲ್ಲ. ಬಂದಿತು ಎಂದು ಹೇಳುವ ಆಸೆ ಗಂಟಲವರೆಗೂ ಬಂದಿತ್ತು. ಬರಲಿಲ್ಲ ವಸ್ತಾದ್ ಎಂದೆ. ಫಕೀರೇಶ ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಕಡೆ ನೋಡಿದ.

ಹಿಂದಿನವರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ನಿಮ್ಮ ಕಾಲದಲ್ಲೂ ತೆರೆಯ ಆ ಕಡೆಯಿಂದ ಯಾರೋ ಒಬ್ಬಳು ನಿಧಾನವಾಗಿ, ತಡೆದು ತಡೆದು, ಹೀಗೆ ಕುಳಿತುಕೊಳ್ಳಿ, ಹೀಗೆ ಏಳಿ ಎಂದು ನಿಮಗೆ ಹೇಳಿಕೊಡುವ ದಿನ ಬರಬಹುದು. ದಯವಿಟ್ಟು ಅವಳನ್ನು ಸಂತೋಷಪಡಿಸಲು ಹೋಗಬೇಡಿ. ಹೇಳಿದಂತೆ ಕುಳಿತುಬಿಡಿ. ಏಳಲು ಆಗದಿದ್ದರೆ ಆಗಲಿಲ್ಲ ಎಂದು ಅವಳಿಗೆ ಕೇಳಿಸುವಂತೆ ಹೇಳಿ. ಮುಂದೆ ಏನು ಮಾಡಬೇಕು ಎಂಬುದು ಅವಳಿಗೆ ಗೊತ್ತಿರುತ್ತದೆ. ನೀವು ನಿಜ ಹೇಳಿದರೆ ಮಾತ್ರ.

ಇನ್ನೂ ನೆಲದ ಮೇಲೆಯೇ ಇರುವ,
ಕಳಕಪ್ಪ