ದವಡೆಯೊಳಗೆ ಮಲಗಿದ್ದ ಹಲ್ಲು

ಗುಂಡ್ಲುಪೇಟೆ
೧೪–೧೦–೧೯೫೭

ಶ್ರೀ ಚಿಕ್ಕಮಲ್ಲಪ್ಪನವರಿಗೆ,

ನಿಮ್ಮ ಹೆಂಡತಿ ಪುಟ್ಟಮಲ್ಲಮ್ಮ ಮಾಡುವ ನಮಸ್ಕಾರಗಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ ಗಂಡನ ಹೆಸರು ಬರೆದಿದ್ದೇನೆ. ಹೌಹಾರಬೇಡಿ. ನಿಮ್ಮೂರು ಉಡಿಗಾಲದಲ್ಲಿ ಈ ಕಾಗದ ಬೇರೆ ಯಾರ ಕೈಗೆ ಸಿಕ್ಕಿದರೂ ಇದು ಯಾರಿಗೆ ಬರೆದದ್ದೆಂದು ತಿಳಿಯಲಿ ಎಂದೇ ಬರೆದೆ.

ನಿಮ್ಮ ಕಾಗದ ಬಂದು ತಿಂಗಳಾಯಿತು. ತಡವಾದುದಕ್ಕೆ ಕ್ಷಮಿಸಿ. ಹೊಲಿಗೆ ಹಾಕಿದ್ದು ಬಾಯೊಳಗೆ, ಕೈಗಲ್ಲ. ಆದರೂ ಪರೀಕ್ಷೆಯ ವರದಿ ಬರುವ ತನಕ ಒಂದಕ್ಷರ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದೆ. ನಿನ್ನೆ ಬಂತು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿ ಅಂಗಡಿ ತುಂಬ ಈರುಳ್ಳಿ, ಮನೆಯೆಲ್ಲ ಅದರದೇ ಘಾಟು. ಅತ್ತಿಗೆಗೆ ಗಂಡುಮಗುವಾಗಿದೆ.

ಮೊದಲು ನಿಮ್ಮ ಮಾತಿಗೆ ಉತ್ತರ. ‘ಅವ್ವ ಚಾಮರಾಜನಗರದಲ್ಲಿ ಹೆಣ್ಣು ನೋಡಿದ್ದಾಳೆ, ನಿನಗಂತೂ ಕೆಟ್ಟ ಹುಣ್ಣು, ನೀನು ಒಪ್ಪಿಗೆ ಬರೆದು ಕಳಿಸಿದರೆ ಯಾರಿಗೂ ಕಷ್ಟವಿಲ್ಲ’ ಎಂದು ಬರೆದಿದ್ದಿರಿ. ಒಪ್ಪಿಗೆ ಇಲ್ಲ. ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಜೈಲು ಎಂದು ಕಾನೂನು ಬಂದು ಎರಡು ವರ್ಷವಾಗಿದೆಯಂತೆ. ಅಪ್ಪ ಪೇಪರಿನಲ್ಲಿ ಓದಿ ಹೇಳಿದರು. ಇನ್ನು ಹುಣ್ಣಿನ ವಿಷಯ. ಅದು ಏನೆಂದು ಹೇಗೆ ಗೊತ್ತಾಯಿತೋ ಬರೆಯುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

‘ಅಂಟೋ ಹುಣ್ಣು ಕಣ್ಲಾ ಅದು, ತೌರ್ಗೆ ಕಳಿಸ್ಬುಡು’ ಎಂದು ಅವರು ಹೇಳಿ, ನೀವು ನನ್ನನ್ನು ಕಳಿಸಿದ್ದು ಆಷಾಢದಲ್ಲಿ. ಇಲ್ಲಿ ಅವ್ವ ಬೇವಿನ ಪಟ್ಟು ಹಾಕಿದಳು. ಪಕ್ಕದ ಮನೆಯವರು ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತರು. ಎಡಗಡೆಯ ದವಡೆ ಮಾತ್ರ ನಿಂಬೆಹಣ್ಣು ಅಡಗಿಸಿಟ್ಟುಕೊಂಡ ಹಾಗೆ ಉಬ್ಬಿಯೇ ಇತ್ತು. ಅತ್ತಿಗೆಯ ಹೆರಿಗೆಗೆ ಆಸ್ಪತ್ರೆಯ ನರ್ಸು ಮಹಾಲಕ್ಷ್ಮಮ್ಮ ಬಂದಿದ್ದಳು. ಮಗುವಿಗೆ ನೀರು ಹುಯ್ದು ಮುಗಿಸಿದವಳೇ ನನ್ನನ್ನು ಬೆಳಕಿಗೆ ಎಳೆದು ಕೂರಿಸಿದಳು.

“ಯಾವಾಗಿಂದ ಅದೆ ಕಣಮ್ಮಿ ಇದು?”

“ಎರಡು ವರ್ಸದಿಂದ.”

“ನೋವು?”

“ಇಲ್ಲ.”

“ತುಟಿ ಜೋಮು ಹಿಡಿದದಾ?”

“ಅದೂ ಇಲ್ಲ.”

ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ತಡಕಿದಳು. ಬಾಯಿ ತೆರೆಸಿ ಹೆಬ್ಬೆರಳಿನಿಂದ ಊತವನ್ನು ಒತ್ತಿದಳು. ಹಪ್ಪಳ ಅದುಮಿದಂತೆ ಸಣ್ಣಗೆ ಚಟಚಟ ಎಂದಿತು. ಆಮೇಲೆ ನನ್ನ ಹಲ್ಲುಗಳನ್ನು ಒಂದೊಂದಾಗಿ ಎಣಿಸಿ, “ಅಯ್ಯೋ, ಇಲ್ಲೊಂದು ಹಾಲಲ್ಲು ಇನ್ನೂ ಬಿದ್ದೇ ಇಲ್ವಲ್ಲ! ಇದರ ಕೆಳಗಿಂದ ಬರಬೇಕಾದ್ದು ಎಲ್ಲೋಯ್ತು?” ಎಂದಳು. ನನಗೇನು ಗೊತ್ತು! ಇಪ್ಪತ್ತೆರಡು ವರ್ಷದಲ್ಲಿ ನನ್ನ ಹಲ್ಲನ್ನು ಯಾರೂ ಎಣಿಸಿರಲಿಲ್ಲ.

“ಕೆಟ್ಟ ಹುಣ್ಣಾಗಿದ್ರೆ ಎರಡು ವರ್ಸ ಹಿಂಗೆ ಸುಮ್ನೆ ಕೂತಿರ್ತಿರ್ಲಿಲ್ಲ ಅಂತ ಕಾಣ್ತದೆ. ಆದ್ರೆ ನನ್ ಮಾತು ನೆಚ್ಕೊಂಡು ಕೂರ್ಬೇಡ. ಮೈಸೂರ್ಗೋಗಿ ಎಕ್ಸ್‌ರೇ ತೆಗೆಸು.”

ಅಪ್ಪ ಒಪ್ಪಲಿಲ್ಲ. “ಮದ್ವೆಯಾದ ಮಗಳು ನೀನು. ಗಂಡನ್ನ ಕೇಳ್ದೆ ಕತ್ತರಿ ಆಕ್ಸಕಾದದಾ? ಸುಮ್ಕಿದ್ಬುಡು” ಎಂದರು.

“ದವಡೆ ನಂದು ಕಣಪ್ಪ” ಎಂದೆ.

ಬೆಳಿಗ್ಗೆ ಮೈಸೂರಿಗೆ ಹೊರಟ ನಮ್ಮ ಈರುಳ್ಳಿ ಲಾರಿಯನ್ನು ಹತ್ತಿ ಡ್ರೈವರನ ಪಕ್ಕ ಕೂತುಬಿಟ್ಟೆ. ಅಪ್ಪ ರಸ್ತೆಯಲ್ಲಿ ನಿಂತು ಕೂಗುತ್ತಲೇ ಇದ್ದರು. ಕರೆಯದಿದ್ದರೂ ಅವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿ ಬಂದು ನನ್ನ ಪಕ್ಕ ಕೂತಳು.

ಮೈಸೂರಿನ ಹಲ್ಲಿನ ಡಾಕ್ಟರು ವಯಸ್ಸಾದವರು. ಎಕ್ಸ್‌ರೇ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ನನಗೇ ತೋರಿಸಿದರು. ದವಡೆಯ ಮೂಳೆಯಲ್ಲಿ ದುಂಡನೆಯ ಕಪ್ಪು ಗುಳಿ, ಸುತ್ತ ಸುಣ್ಣದ ಗೆರೆ ಎಳೆದಂತೆ ಬಿಳಿಯ ಅಂಚು. ಅದರೊಳಗೆ ಅಡ್ಡಡ್ಡ ಮಲಗಿತ್ತು ಒಂದು ಹಲ್ಲು! ಸೂಜಿ ಚುಚ್ಚಿ ಎಳೆದಾಗ ಹುಲ್ಲಿನ ಬಣ್ಣದ ತೆಳ್ಳನೆಯ ನೀರು ಬಂತು. ಬಿಸಿಲಿಗೆ ಹಿಡಿದರೆ ಅದರಲ್ಲಿ ಮಿಣಮಿಣ ಪುಡಿ ತೇಲುತ್ತಿತ್ತು.

“ಇದಕ್ಕೆ ಸಿಸ್ಟ್ ಅಂತಾರಮ್ಮ. ಮೇಲೆ ಬರಬೇಕಾದ ಹಲ್ಲು ಒಳಗೇ ಉಳಿದು, ಅದರ ಸುತ್ತ ನೀರಿನ ಚೀಲ ಬೆಳೆದಿದೆ. ಯಾರಿಗೂ ಅಂಟೋದಿಲ್ಲ. ಚೀಲ ಬಿಡಿಸಿ ತೆಗೆದು ಪರೀಕ್ಷೆಗೆ ಕಳಿಸ್ತೀನಿ. ವರದಿ ಬಂದಮೇಲೇ ಪೂರ್ತಿ ಧೈರ್ಯ ಹೇಳ್ತೀನಿ” ಎಂದರು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಡಾಕ್ಟರಿಗೆ ಗಾಬರಿ. ಒಂದು ಹಲ್ಲು ದಾರಿ ತಪ್ಪಿದ್ದಕ್ಕೆ ನನ್ನ ಬದುಕನ್ನೇ ದಾರಿ ತಪ್ಪಿಸಲು ಹೊರಟಿದ್ದಿರಲ್ಲ, ನಗದೆ ಏನು ಮಾಡಲಿ?

ದವಡೆಗೆ ಇಂಜೆಕ್ಷನ್ ಕೊಟ್ಟು ಚೀಲ, ಹಲ್ಲು ಎರಡನ್ನೂ ತೆಗೆದರು. ಉಳಿಯ ಸದ್ದು ತಲೆಯೊಳಗೆಲ್ಲ ಕೇಳುತ್ತಿತ್ತು. ಹೆದರಿದೆ, ಸುಳ್ಳು ಹೇಳುವುದಿಲ್ಲ. ಅವ್ವನ ಕೈ ಹಿಸುಕಿ ಹಿಸುಕಿ ಅವಳ ಬಳೆ ಒಡೆದೆ. ನಿನ್ನೆ ಬಂದ ವರದಿಯಲ್ಲಿ ಡಾಕ್ಟರು ಹೇಳಿದ್ದೇ ಇದೆ: ಬರೀ ಸಿಸ್ಟ್, ಕೆಟ್ಟದ್ದೇನೂ ಇಲ್ಲ. ಅದರ ನಕಲನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಹಲ್ಲನ್ನೂ ಚೀಟಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಅತ್ತೆಯವರು ಮುಟ್ಟಿ ನೋಡಲಿ.

ಕರೆದುಕೊಂಡು ಹೋಗುವ ಮನಸ್ಸಿದ್ದರೆ ನೀವೇ ಬನ್ನಿ. ಗಾಡಿ ಕಳಿಸಿದರೆ ಹತ್ತುವುದಿಲ್ಲ. ‘ತಪ್ಪಾಯಿತು’ ಎಂದು ಅಪ್ಪನಿಗಲ್ಲ, ನನಗೆ ಹೇಳಬೇಕು. ಬಾರದಿದ್ದರೂ ನಾನೇನು ಮೂಲೆ ಹಿಡಿದು ಕೂರುವವಳಲ್ಲ. ನಾನು ಮಿಡ್ಲ್‌ಸ್ಕೂಲು ಪಾಸಾದವಳು. ನರ್ಸು ಕೆಲಸ ಕಲಿಯಲು ಅರ್ಜಿ ಬರೆಸುತ್ತೇನೆಂದು ಮಹಾಲಕ್ಷ್ಮಮ್ಮ ಹೇಳಿದ್ದಾಳೆ.

ಅತ್ತೆಯವರಿಗೆ ನಮಸ್ಕಾರ. ಚಳಿ ಶುರುವಾಗುತ್ತಿದೆ, ಅವರ ಉಬ್ಬಸ ನೋಡಿಕೊಳ್ಳಿ. ಶಿವ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ, ನನ್ನನ್ನೂ.

ಇಂತಿ,
ಪುಟ್ಟಮಲ್ಲಮ್ಮ

ಮರೆತಿದ್ದ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅತ್ತೆ ಅಂದದ್ದಕ್ಕೆ ನಾನು ಒಂದು ದಿನವೂ ಕಣ್ಣೀರು ಹಾಕಿದವಳಲ್ಲ. ಹೊರಟ ದಿನ ರಸ್ತೆಯಲ್ಲಿ ಬಸ್ಸು ಕಾಯುವಾಗ ನಿಮ್ಮನ್ನು ನೀರು ಕೇಳಿದೆ. ಚೊಂಬು ನಿಮ್ಮ ಕೈಯಲ್ಲಿತ್ತು. ನೀವು ಕೊಡಲಿಲ್ಲ, ಮೇಲಿನಿಂದ ನನ್ನ ಬೊಗಸೆಗೆ ಹುಯ್ದಿರಿ. ಹೊಲದಲ್ಲಿ ದುಡಿಯುವ ಮೂಗಯ್ಯನಿಗೆ ಜಗಲಿಯ ಮೇಲೆ ನಿಂತು ಹುಯ್ಯುತ್ತೇವಲ್ಲ, ಹಾಗೆ. ನಾನೂ ಅವನಿಗೆ ಎಷ್ಟೋ ಸಲ ಹುಯ್ದಿದ್ದೇನೆ, ಅವನ ಮುಖ ನೋಡಿರಲಿಲ್ಲ. ಆವತ್ತು ನಾನು ಕತ್ತೆತ್ತಿ ನಿಮ್ಮ ಮುಖ ನೋಡಿದೆ. ನೀವು ಬಸ್ಸು ಬರುವ ಕಡೆ ನೋಡುತ್ತಿದ್ದಿರಿ. ಬೊಗಸೆ ಬಿಟ್ಟೆ. ಗುಂಡ್ಲುಪೇಟೆ ಮುಟ್ಟುವ ತನಕ ಬಾಯಾರಿಕೊಂಡೇ ಬಂದೆ.