ಸೀಮೆಸುಣ್ಣದ ನಂಬರು

ಜನವರಿ 9
ಇವತ್ತೂ ಹ್ಯಾಂಡಲ್ ತಿರುಗಲಿಲ್ಲ. ಎಪ್ಪತ್ತು ವರ್ಷದ ಪೆಟ್ರೋಲ್ ಜೀಪು. ಇಂಜಿನ್ನಿನ ವಾಲ್ವು ತಲೆಯ ಮೇಲಲ್ಲ, ಪಕ್ಕದಲ್ಲಿ; ಈಗ ಇಂಥದ್ದು ಬರುವುದೇ ಇಲ್ಲ. ಜೇವರ್ಗಿಯಲ್ಲಿ ಎಲ್ಲರೂ ಡೀಸೆಲ್ ಇಂಜಿನ್ ಕೂಡಿಸಿಕೊಂಡರು, ಅಬ್ಬಾ ಒಪ್ಪಲಿಲ್ಲ. ತಾನೇ ಪೂರ್ತಿ ಬಿಚ್ಚಿದ. ಪಿಸ್ಟನ್ ಹಿಡಿಯುವ ನಾಲ್ಕು ರಾಡ್, ಅವುಗಳ ಬುಡಕ್ಕೆ ಬಿಗಿಯುವ ನಾಲ್ಕು ಕ್ಯಾಪ್. ಯಾವುದು ಯಾವುದರ ಜೋಡಿ ಅಂತ ಸೀಮೆಸುಣ್ಣದಲ್ಲಿ ನಂಬರು ಬರೆದ. ಹಳೇ ಕಬ್ಬಿಣಕ್ಕೆ ಉಕ್ಕಿನ ಮೊಳೆಯಂಥ ಪಂಚ್ ಇಟ್ಟು ಗುರುತು ಹೊಡೆಯಬಾರದಂತೆ. ಆಮೇಲೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು.

ಅಬ್ಬಾ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಶೆಡ್ಡು ಚೊಕ್ಕ ಇರಲಿ ಎಂದು ಅಮ್ಮಿಗೆ ಹೇಳಿದವನು ನಾನೇ. ಪಾಪ, ಕ್ಯಾಪುಗಳನ್ನೂ ಸೋಡಾ ಹಾಕಿ ತಿಕ್ಕಿ ತೊಳೆದಿಟ್ಟಳು.

ಜನವರಿ 13
ಅಬ್ಬಾ ಊಟ ಬಿಟ್ಟು ನಾಲ್ಕು ದಿನ. ಕಿವಿ ಮಾತ್ರ ಶೆಡ್ಡಿನ ಕಡೆ.
"ಗಾಡಿ ಸಪ್ಪಳ ಕೇಳಿದ್ರ ಎರಡು ತುತ್ತು ಉಣ್ತಾರೇನೋ, ಜಮೀರ," ಅಂತಾಳೆ ಅಮ್ಮಿ.
ನಂಬರು ಅಳಿಸಿದ್ದು ಅವನಿಗೆ ಹೇಳಿಲ್ಲ. ಯಾವ ಮುಖದಿಂದ ಹೇಳಲಿ? ಅಂದಾಜಿನ ಮೇಲೆ ಜೋಡಿಸಿದ್ದೇನೆ. ಜೋಡಿ ತಪ್ಪಿದ್ದಕ್ಕೇ ಇಂಜಿನ್ ಹಿಡಿದುಕೊಂಡಿರಬೇಕು.

ಜನವರಿ 14, ಬೆಳಿಗ್ಗೆ
ನೆಲೋಗಿಯ ಮಲ್ಲಣ್ಣ ಟ್ರ್ಯಾಕ್ಟರ್ ತಂದ. "ಹೊಸದಾಗಿ ಕಟ್ಟಿದ ಇಂಜಿನ್ ಬಿಗೀನೇ ಇರ್ತದಲೇ. ಎಳೆದ್ರ ತಾನೇ ಸಡ್ಲಾಗ್ತದ. ಹಗ್ಗ ತಾ."
ಇಲ್ಲಿ ಎಲ್ಲರೂ ಹಾಗೇ ಮಾಡುವುದು. ಇದು ತಡೆಯುವುದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಹಗ್ಗ ಕಟ್ಟಿದೆ.

ಅದೇ ದಿನ, 4 ಗಂಟೆ
ಚಾಲೂ ಆಯಿತು! ಇಂಜಿನ್ ಆರಿಸದೆ ಬಾಗಿಲ ಮುಂದೆಯೇ ನಿಲ್ಲಿಸಿದೆ. ಅಬ್ಬಾ ನಕ್ಕ. ಅಮ್ಮಿ ತುತ್ತು ಇಟ್ಟಳು, ಉಂಡ. ಹನ್ನೊಂದು ನಿಮಿಷ ಓಡಿತು.
ಆಮೇಲೆ ಟಕ್... ಟಕ್. ನನಗಿಂತ ಮೊದಲು ಅವನಿಗೇ ಕೇಳಿಸಿತು. ತುತ್ತು ಬಾಯಲ್ಲೇ ಉಳಿಯಿತು. ಆಫ್ ಮಾಡಲು ಓಡಿದೆ—

ಜನವರಿ 20
ಇವತ್ತು ಬಿಚ್ಚಿದೆ. ಒಂದು ರಾಡ್ ನಡುವೆ ಮುರಿದು ಇಂಜಿನ್ನಿನ ಬ್ಲಾಕ್ ಒಡೆದಿದೆ; ಆ ರಾಡಿನಲ್ಲಿ ಕ್ಯಾಪ್ ಕೂಡುವ ತುದಿ ಮಾತ್ರ ಉಳಿದಿದೆ. ಇಂಥ ಬ್ಲಾಕ್ ಇನ್ನು ಎಲ್ಲಿಂದ ತರಲಿ.
ರಾಡು, ಕ್ಯಾಪುಗಳನ್ನೆಲ್ಲ ಅಬ್ಬಾನ ಮಂಚದ ಮೇಲಿಟ್ಟು ಹೇಳಿಬಿಟ್ಟೆ. "ನಂಬರ್ ಅಳಿಸಿ ಹೋಗಿದ್ವು ಅಬ್ಬಾ. ನಿನಗ ಹೇಳ್ಲಿಲ್ಲ. ಮಾಫ್ ಮಾಡು."
ನನ್ನ ಕಡೆ ನೋಡಲಿಲ್ಲ. ಎಡಗೈ ಹೆಬ್ಬೆರಳಿನಿಂದ ಒಂದೊಂದೇ ಕ್ಯಾಪ್ ಸವರಿದ. ಒಂದೊಂದನ್ನೇ ಅದರದರ ರಾಡಿನ ಪಕ್ಕಕ್ಕೆ ಸರಿಸಿದ. ಕೂಡಿಸಿ ನೋಡಿದೆ. ಎರಡೂ ಕೂಡಿದ ಗೆರೆಗೆ ಉಗುರು ಕೂಡ ತಗಲಲಿಲ್ಲ. ಐದು ನಿಮಿಷ ಹಿಡಿಯಲಿಲ್ಲ ಅವನಿಗೆ.
ಕೇಳಿದ್ದರೆ ಸಾಕಿತ್ತು. ಕೇಳಿದ್ದರೆ...

ಜನವರಿ 22
ಮತ್ತೆ ಊಟವಿಲ್ಲ. ಕ್ಯಾಪುಗಳನ್ನು ತಾ ಎಂದು ಸನ್ನೆ ಮಾಡಿದ. ಸೀಮೆಸುಣ್ಣ ಕೊಟ್ಟೆ. ಎಸೆದ. ಹಳೇ ಕಬ್ಬಿಣಕ್ಕೆ ಬೇಡ ಅಂದವನೇ ಗೋಡೆಯಲ್ಲಿದ್ದ ಪಂಚ್ ತೋರಿಸಿದ.
ಪಂಚ್ ಅವನ ಎಡಗೈಯಲ್ಲಿ, ಸುತ್ತಿಗೆ ನನ್ನ ಕೈಯಲ್ಲಿ. ಮೊದಲನೆಯದಕ್ಕೆ ಒಂದು ಚುಕ್ಕೆ ಹೊಡೆದೆ. ಎರಡನೆಯದಕ್ಕೆ ಎರಡು. ಅವನ ಕಣ್ಣಲ್ಲಿ ನೀರು. ಮೂರನೆಯದಕ್ಕೆ ಕೈ ಏಳುತ್ತಿಲ್ಲ. ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಅವನು ಪಂಚ್ ಇನ್ನೂ ಕೆಳಗಿಟ್ಟಿಲ್ಲ. ಅಮ್ಮಿ ತಟ್ಟೆ ಹಿಡಿದು ನಿಂತಿದ್ದಾಳೆ. ನಾಲ್ಕೂ ಮುಗಿದರೆ ಒಂದು ತುತ್ತಾದರೂ ಉಂಡಾನೇನೋ.