ಡಾಕ್ಟರ್ ಹೇಳ್ತಾರೆ

ಅಕ್ಕಾ,

ನೀನು ಹೋಗಿ ಎರಡು ವರ್ಷವಾಯಿತು. ಓದುವವರಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ.

ಇವತ್ತು ಮಧ್ಯಾಹ್ನ ನಿನ್ನ ವಯಸ್ಸಿನ ಟೈಲರಮ್ಮ ಒಬ್ಬರು ಸ್ಕ್ಯಾನ್‌ಗೆ ಬಂದಿದ್ದರು. ಮೆಷಿನ್ ನೋಡಿ, "ಇದು ನನ್ನನ್ನ ನುಂಗಿ ನೀರು ಕುಡಿಯೋ ಹಾಗಿದೆಯಲ್ಲಮ್ಮಾ" ಅಂತ ನನ್ನನ್ನೇ ನಗಿಸಿದರು. ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿತು. ಹೊಟ್ಟೆಯಲ್ಲಿ ಗಡ್ಡೆ, ನಿನಗಿದ್ದ ಜಾಗದಲ್ಲೇ.

ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ, "ಏನು ಕಾಣಿಸ್ತಮ್ಮಾ?" ಅಂದರು.

"ಡಾಕ್ಟರ್ ಹೇಳ್ತಾರೆ" ಅಂದೆ. ಸ್ಕ್ಯಾನ್ ಮಾಡುವ ನಾವು ಹೇಳುವ ಹಾಗಿಲ್ಲ. ಆದರೆ ಅವರ ಮಗಳು ಬರುವವರೆಗೂ ಪಕ್ಕದಲ್ಲೇ ಕೈ ಹಿಡಿದು ಕೂತಿದ್ದೆ.

ನಿನ್ನ ಸ್ಕ್ಯಾನ್ ಮಾಡಿದವಳೂ ನಾನೇ. ನೀನೂ ಅದನ್ನೇ ಕೇಳಿದೆ. ನಾನು ಗಾಜಿನ ಈಚೆ ಕೂತು, ಮೈಕಿನಲ್ಲಿ, ಎಲ್ಲರಿಗೂ ಹೇಳುವ ದನಿಯಲ್ಲೇ ಅದೇ ಉತ್ತರ ಕೊಟ್ಟೆ. ಮುಖ ತೋರಿಸಿದರೆ ನಿನಗೆ ಗೊತ್ತಾಗಿಬಿಡುತ್ತೆ ಅಂತ ನಿನ್ನನ್ನು ಎಬ್ಬಿಸೋಕೆ ನರ್ಸನ್ನ ಕಳಿಸಿದೆ. ಆಮೇಲಿನ ಐದು ತಿಂಗಳಲ್ಲಿ ಆ ದಿನದ ಮಾತನ್ನು ನಾನೂ ಎತ್ತಲಿಲ್ಲ, ನೀನೂ ಎತ್ತಲಿಲ್ಲ.

ಆದರೆ ಆ ದಿನ ನರ್ಸ್ ಕೈ ಹಿಡಿದು ಮೆಷಿನ್‌ನಿಂದ ಇಳಿಯುತ್ತಾ, ಗಾಜಿನ ಕಡೆ ತಿರುಗಿ ನೀನು ಹೇಳಿದ್ದು ನನಗೆ ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತ್ತು.

"ಗೊತ್ತಾಯ್ತು ಬಿಡೇ. ನೀನು ಮೊದಲು ಊಟ ಮಾಡು."